ಆಪರೇಷನ್‌ಗೆ ನಮ್ಮನೆ ಸನ್ನೆ

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸಲ್ಲ. ಊರಿನವರು ಮೂಗಿ ಅಂತಾರೆ, ಹಂಗೆ ಅಂದವರನ್ನ ನಾನು ಸುಮ್ಮನೆ ಬಿಟ್ಟಿದ್ದು ಕಮ್ಮಿ. ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ. ತಂಗಿ ನನಗೆ ಇಟ್ಟಿರೋ ಹೆಸರೂ ಅದೇ. ಹುಬ್ಬಿನ ನಡುವೆ ಎರಡು ಬೆರಳಿಟ್ಟು ಗಂಟು ಹಾಕಿ ತೋರಿಸಿದರೆ ನಮ್ಮನೇಲಿ ಅದು ನಾನು. ಹಣೆ ಮೇಲೆ ದೊಡ್ಡದೊಂದು ಗುಂಡು ಬರೆದರೆ ಅಮ್ಮ. ಹಿಂಗೆ ನಮ್ಮವೇ ಒಂದು ನೂರು ಇನ್ನೂರು ಸನ್ನೆ. ಯಾವ ಶಾಲೇಲೂ ಕಲಿತದ್ದಲ್ಲ, ದೊಡ್ಡೇರಿ ಕಡೆ ನಮ್ಮೂರಿನ ಮನೇಲಿ ಬೇಕಾದಾಗ ಬೇಕಾದಷ್ಟು ಮಾಡ್ಕೊಂಡಿದ್ದು. ಊರ ಶಾಲೇಲಿ ಅವಳನ್ನ ನಾಲ್ಕನೇ ಕ್ಲಾಸಿನವರೆಗೂ ಹಿಂದಿನ ಸಾಲಲ್ಲಿ ಕೂರಿಸಿದ್ದರು. ತನ್ನ ಹೆಸರು ಬರೆಯೋದು ಕಲಿತಳು, ಅಷ್ಟೇ. ನಾನು ಓದಿ ಕೊರಟಗೆರೆ ತಾಲ್ಲೂಕಲ್ಲಿ ಟೀಚರಾದೆ. ಕಂಡವರ ಮಕ್ಕಳಿಗೆಲ್ಲ ಅಕ್ಷರ ಕಲಿಸ್ತೀಯ, ಒಡಹುಟ್ಟಿದವಳಿಗೆ ಯಾಕೆ ಕಲಿಸಲಿಲ್ಲ ಅಂತ ಯಾರೂ ಕೇಳಿಲ್ಲ. ಕೇಳಿದ್ದರೆ ಅವರ ಮೇಲೂ ರೇಗುತ್ತಿದ್ದೆ.

ಆಪರೇಷನ್‌ಗೂ ಒಂದು ಸನ್ನೆ ಇತ್ತು. ಹೊಕ್ಕಳ ಕೆಳಗೆ ಹೆಬ್ಬೆರಳಲ್ಲಿ ಒಂದು ಗೀಟು, ಆಮೇಲೆ ಎರಡೂ ಕೈ ಕೊಡವೋದು, ಮುಗೀತು ಅಂತ. ನಮ್ಮ ಕಡೆ ಹೆಂಗಸರ ಬಾಯಲ್ಲಿ ಆಪರೇಷನ್ ಅಂದರೆ ಒಂದೇ, ಇನ್ನು ಮಕ್ಕಳಾಗದ ಹಾಗೆ ಮಾಡಿಸ್ಕೊಳ್ಳೋದು. ಹೆರಿಗೆಗೆ ಕುಯ್ದರೆ ಸಿಜರಿನ್ ಅಂತಾರೆ, ಅಪೆಂಡಿಕ್ಸ್ ಆದರೆ ಹೊಟ್ಟೆ ಕುಯ್ದರು ಅಂತಾರೆ. "ನಿಂದು ಆಪರೇಷನ್ ಆಯ್ತಾ?" ಅಂತ ನೀರಿನ ಟ್ಯಾಂಕಿನ ಹತ್ತಿರ ಒಬ್ಬರಿಗೊಬ್ಬರು ಕೇಳ್ತಾರಲ್ಲ, ಅದು ಇದೇ. ಅಮ್ಮ ಕ್ಯಾಂಪಿಗೆ ಹೋಗಿ ಮಾಡಿಸ್ಕೊಂಡು ಬಂದು ಚಾಪೆ ಮೇಲೆ ಮಲಗಿದ್ದಾಗ ತಂಗಿಗೆ ಐದು ವರ್ಷ. ಏನಾಯ್ತು ಅಂತ ಕೇಳಿದಳು. ಅಮ್ಮ ಮಲಗಿದಲ್ಲೇ ಗೀಟು ಎಳೆದು ಕೈ ಕೊಡವಿದಳು. ಅವತ್ತಿಂದ ಅದೇ ಸನ್ನೆ.

ತಂಗಿಗೆ ಕಾಯಿಲೆ ಕಸಾಲೆ ವಿಷಯ ಏನೇ ಗೊತ್ತಾಗಬೇಕಿದ್ದರೂ ಅದು ನಮ್ಮ ಕೈ ದಾಟಿಯೇ ಹೋಗಬೇಕು. ಡೆಂಗಿ ಬಂದಾಗ ಊರೊಳಕ್ಕೆ ಮೈಕ್ ಕಟ್ಟಿದ ಆಟೋ ಬರುತ್ತೆ, ಇವಳು ಬಾಗಿಲಿಗೆ ಬಂದು ಯಾವ ಸಿನಿಮಾ ಅಂತ ಕೇಳ್ತಾಳೆ. ಆಶಾ ಕಾರ್ಯಕರ್ತೆ ಬಸುರಿಯರನ್ನೆಲ್ಲ ಅಂಗನವಾಡೀಲಿ ಕೂರಿಸಿ ಅರ್ಧ ಗಂಟೆ ಹೇಳ್ತಾಳೆ, ಇವಳು ಎಲ್ಲರೂ ತಲೆ ಆಡಿಸಿದಾಗ ತಾನೂ ಆಡಿಸ್ತಾಳೆ. ಮೊಬೈಲಿಗೆ ಬರೋ ವಿಡಿಯೋದಲ್ಲಿ ಡಾಕ್ಟರು ಬರೀ ಬಾಯಿ ಆಡಿಸ್ತಾರೆ, ಕೆಳಗೆ ಒಂದು ಅಕ್ಷರವೂ ಇರಲ್ಲ, ಇದ್ದರೂ ಇವಳಿಗೆ ಓದಕ್ಕೆ ಬರಲ್ಲ.

ಅವಳನ್ನ ಕೊಟ್ಟಿದ್ದು ನಾಗಲಮಡಿಕೆ ಕಡೆಗೆ. ಗಂಡನಿಗೆ ಕಿವಿ ಕೇಳಿಸುತ್ತೆ, ಪಾವಗಡದಲ್ಲಿ ಟೈಲರ್ ಅಂಗಡಿ ಇಟ್ಟಿದಾನೆ. ಐದು ವರ್ಷದ ಹಿಂದೆ ಮೊದಲನೇ ಬಸುರಿಯಾಗಿದ್ದಾಗ ಚೆಕಪ್ಪಿಗೆ ನಾನೇ ಕರಕೊಂಡು ಹೋಗಿದ್ದೆ. ಡಾಕ್ಟರು ಪಾಪ ಐದು ನಿಮಿಷ ಹೇಳಿದರು. ಬಿಪಿ ಜಾಸ್ತಿ ಇದೆ, ತಲೆನೋವು ಬಿಡದೆ ಬಂದರೆ, ಮುಖ ಕೈ ಊದಿಕೊಂಡರೆ, ಕಣ್ಣು ಮುಂದೆ ಮಿಂಚು ಬಂದಂಗಾದರೆ ಒಂದು ಗಂಟೆಯೂ ಕಾಯಬೇಡಿ, ಬಂದ್ಬಿಡಿ ಅಂತ. ತಂಗಿ ನನ್ನ ಮುಖ ನೋಡಿದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಮಿಂಚಿಗೆ ಕಣ್ಣಿಗೆ ಎಲ್ಲ ಯಾವ ಸನ್ನೆ ಮಾಡೋದು ಅಂತ ಬೇರೆ ಹೊಳೀಲಿಲ್ಲ. ಅಂಗೈ ತಿರುವಿದೆ. ಏನಿಲ್ಲ, ಮಾತ್ರೆ ನುಂಗು, ಉಪ್ಪು ಕಮ್ಮಿ ಹಾಕ್ಕೋ. ಡಾಕ್ಟರ ಐದು ನಿಮಿಷ ನನ್ನ ಕೈಯಲ್ಲಿ ಐದು ಸೆಕೆಂಡು.

ತಿಂಗಳಾದ ಮೇಲೆ ಅವಳಿಗೆ ತಲೆನೋವು ಬಂತು. ಏನಿಲ್ಲ ಅಂತ ಅಕ್ಕ ಹೇಳಿದಾಳಲ್ಲ, ಎರಡು ದಿನ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು. ಮೂರನೇ ದಿನ ಫಿಟ್ಸ್ ಬಂತು. ತುಮಕೂರಿಗೆ ಸಾಗಿಸಿ ಹೆಂಗೋ ಹೆರಿಗೆ ಆಯ್ತು, ನಾಲ್ಕು ದಿನ ಅವಳಿಗೆ ಎಚ್ಚರ ಇರಲಿಲ್ಲ. ಹೆಣ್ಣು ಮಗು ಉಳೀತು. ಆ ಮಗುವಿಗೂ ಕಿವಿ ಕೇಳಿಸಲ್ಲ ಅಂತ ವರ್ಷ ತುಂಬೋ ಹೊತ್ತಿಗೆ ಗೊತ್ತಾಯ್ತು, ಅದು ರಕ್ತದಲ್ಲೇ ಬಂದದ್ದು ಅಂದರು. ಡಾಕ್ಟರು ಮೊದಲೇ ಹೇಳಿದ್ದರು, ನಾನು ಮುಟ್ಟಿಸಲಿಲ್ಲ ಅನ್ನೋದನ್ನ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಎರಡನೇದಕ್ಕೆ ಬಸುರಿಯಾಗಿದ್ದಾಗ ಅಮ್ಮ ಅವಳನ್ನ ಏಳನೇ ತಿಂಗಳಿಗೇ ತವರಿಗೆ ಕರಕೊಂಡು ಬಂದಳು. ಒಂದು ಸೋಮವಾರ ಬೆಳಗ್ಗೆ ಫೋನು ಮಾಡಿ, "ಮಕ ಊದ್ಕಂಡೈತೆ ಕಣಮ್ಮ, ತಲೆ ಇಡ್ಕಂಡು ಕೂತವ್ಳೆ" ಅಂದಳು. ನಾನು ಶಾಲೆಗೆ ರಜೆ ಹಾಕಿ ಮಧುಗಿರಿಗೆ ಓಡಿದೆ. ಅವರೂ ಆಟೋ ಮಾಡ್ಕೊಂಡು ಬಂದರು. ಸಣ್ಣದೊಂದು ನರ್ಸಿಂಗ್ ಹೋಮ್, ಡಾಕ್ಟರು ಹೆಂಗಸು, ನಿಷ್ಠುರದ ಮಾತು. ಬಿಪಿ ಪಟ್ಟಿ ಬಿಚ್ಚುತ್ತಲೇ ಹೇಳಿದರು, "ನೂರ ಎಂಬತ್ತಿದೆ. ಕಾಯೋ ಹಾಗಿಲ್ಲ. ಇವತ್ತು ಮಧ್ಯಾಹ್ನ ಎರಡಕ್ಕೆ ಮಗು ತೆಗೀತೀನಿ. ತಡ ಮಾಡಿದರೆ ಫಿಟ್ಸ್ ಬರುತ್ತೆ, ಈ ಸಲ ಇಬ್ಬರೂ ಉಳೀತಾರೆ ಅಂತ ನಾನು ಹೇಳಲ್ಲ."

ಆಗ ಹನ್ನೊಂದೂವರೆ. ಒಂದು ಇಂಜೆಕ್ಷನ್ ಹೊರಗಿನ ಮೆಡಿಕಲ್ಸಿಂದ ತರಬೇಕಿತ್ತು. ತಂಗಿ ತೋಳು ಹಿಡಿದು ಕೇಳಿದಳು, ಏನಂತೆ? ನಾನು ಹೊಕ್ಕಳ ಕೆಳಗೆ ಗೀಟು ಎಳೆದೆ. ಸಿಜರಿನ್‌ಗೆ ನಮ್ಮಲ್ಲಿ ಬೇರೆ ಸನ್ನೆ ಇರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲ. ಹೆದರಬೇಡ ಅಂತ ಭುಜ ತಟ್ಟಿ ಚೀಟಿ ಹಿಡಿದು ಓಡಿದೆ.

ಹತ್ತು ನಿಮಿಷಕ್ಕೆ ವಾಪಸ್ ಬಂದರೆ ಮಂಚ ಖಾಲಿ. ಅಮ್ಮ ನರ್ಸಿನ ಮೇಜಿನ ಹತ್ತಿರ ನಿಂತು ಏನೋ ಹೇಳುತ್ತಿದ್ದವಳು, "ಇಲ್ಲೇ ಇದ್ಲಲ್ಲ, ಬಾತ್ರೂಮಿಗೆ ಹೋಗಿರ್ಬೇಕು" ಅಂದಳು. ಬಾತ್ರೂಮಲ್ಲಿ ಇಲ್ಲ. ಮಂಚದ ಕೆಳಗೆ ಚಪ್ಪಲಿ ಇಲ್ಲ. ಗೇಟಿನ ಹತ್ತಿರ ಎಳನೀರು ಮಾರುವವನು, "ಬಸ್ರಿ ಹೆಂಗ್ಸಾ? ಬಸ್‌ಸ್ಟ್ಯಾಂಡ್ ಕಡೆ ಓದ್ರು" ಅಂದ.

ಕಿವಿ ಇರೋರು ಕಳೆದುಹೋದರೆ ಹೆಸರು ಹಿಡಿದು ಕೂಗಬಹುದು. ಇವಳನ್ನ ಏನಂತ ಕೂಗಲಿ? ಫೋನು ಮಾಡಿದೆ, ಅವಳಿಗೆ ಬರೀ ವಿಡಿಯೋ ಕಾಲು, ಮಾಡಿದ ಹಾಗೆಲ್ಲ ಕಟ್ ಮಾಡಿದಳು. ಬಸ್‌ಸ್ಟ್ಯಾಂಡಲ್ಲಿ ಶಿರಾ ಬಸ್ಸಿನ ಒಂದೊಂದೇ ಕಿಟಕಿಗೆ ಮುಖ ಇಟ್ಟು ನೋಡಿದೆ. ಕೊರಟಗೆರೆ ಬಸ್ಸು ಹತ್ತಿ ಇಳಿದೆ. ಅಷ್ಟರಲ್ಲಿ ಪಾವಗಡದ ಬಸ್ಸು ಹಿಂದಕ್ಕೆ ತೆಗೆದು ತಿರುಗಿಸುತ್ತಾ ಇತ್ತು, ನಡುವಿನ ಕಿಟಕೀಲಿ ಅವಳ ಹಸಿರು ಸೆರಗು ಕಂಡಿತು. ಓಡಿಹೋಗಿ ಬಸ್ಸಿನ ಮುಂದೆ ನಿಂತೆ. ಡ್ರೈವರು ಬ್ರೇಕು ಒತ್ತಿದ ಏಟಿಗೆ ಕಂಡಕ್ಟರು ಬಾಗಿಲಲ್ಲಿ ನೇತಾಡಿ, "ಏನಮ್ಮಾ, ಸಾಯಕ್ಕೆ ನನ್ ಬಸ್ಸೇ ಬೇಕಿತ್ತಾ ನಿಂಗೆ?" ಅಂದ.

"ಒಳಗೆ ನನ್ನ ತಂಗಿ ಇದಾಳೆ. ಅವಳೇ ಸಾಯೋ ಹಂಗಿದಾಳೆ, ಎರಡು ನಿಮಿಷ ನಿಲ್ಸಿ," ಅಂದೆ. ನನ್ನ ಮುಖ ನೋಡಿ ಅವನು ಬಾಯಿಗೆ ಇಡ್ತಿದ್ದ ಸೀಟಿ ಕೆಳಗಿಳಿಸಿದ.

ಅವಳು ಹಣೆ ಒತ್ತಿಕೊಂಡು ಕೂತಿದ್ದಳು. ನನ್ನನ್ನ ಕಂಡವಳೇ ಕಂಬಿ ಬಿಗಿಯಾಗಿ ಹಿಡಿದಳು. ಎಳೆದರೆ ಬರಲ್ಲ. ಬಸ್ಸಿನ ತುಂಬ ಜನ, ಒಬ್ಬಳು ಅಜ್ಜಿ "ಪಾಪ ಮೂಗಿ ಕಣ್ಲಾ" ಅಂತ ಮೊಮ್ಮಗನಿಗೆ ಹೇಳಿದಳು. ಅವತ್ತು ಅಜ್ಜಿ ಜೊತೆ ಜಗಳ ಆಡೋಕೆ ಹೊತ್ತಿರಲಿಲ್ಲ. ತಂಗಿ ಒಂದೇ ಕೈಯಲ್ಲಿ ಹೇಳಿದಳು. ಗೀಟು, ಕೊಡವೋದು, ಬೇಡ. ನನ್ನನ್ನ ಕೇಳಲಿಲ್ಲ. ಗಂಡನ ಹತ್ತಿರ ಹೋಗ್ತೀನಿ.

ಆಗ ನನಗೆ ನನ್ನ ತಪ್ಪು ಹೊಳೀತು. ಅಯ್ಯೋ, ಅದಲ್ಲ ಕಣೆ. ಸೀಟಿನ ಪಕ್ಕ ಮಂಡಿ ಊರಿ, ಅಷ್ಟು ಜನರ ಎದುರಿಗೆ, ಹೊಸ ಸನ್ನೆ ಹುಟ್ಟಿಸಿದೆ. ಹೊಟ್ಟೆಯ ಬಾಗಿಲು ತೆಗೆದೆ, ಮಗು ಎತ್ತಿದೆ, ಎದೆಗೆ ಒತ್ತಿದೆ, ಸೂಜಿ ದಾರದಲ್ಲಿ ಹೊಲಿದೆ. ಕೊಡವೋದಿಲ್ಲ. ಮುಗಿಯೋದಿಲ್ಲ. ನಿನಗೆ ಬೇಕಾದರೆ ಇನ್ನೊಂದು ಮಗು, ಬೇಡದಿದ್ದರೆ ಬೇಡ. ಅವಳು ನನ್ನ ಕೈ ತೀರಾ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಯಾಕೆ ಅಂದೆ. ಕಣ್ಣಿನ ಮುಂದೆ ಬೆರಳು ಪಟಪಟ ಬಿಚ್ಚಿ ಮುಚ್ಚಿ ತೋರಿಸಿದಳು. ಮಿಂಚು. ಮೊದಲನೇ ಸಲ ನನಗೆ ಹೊಳೆಯದಿದ್ದ ಸನ್ನೆ ಅವಳೇ ಮಾಡಿದ್ದಳು. ಅವಳಿಗೆ ಕಣ್ಣೇ ಕಿವಿ, ಅದೂ ಹೋಗ್ತಾ ಇದೆ.

ಆದರೂ ಅವಳು ಬಿಡಲಿಲ್ಲ. ಅಮ್ಮ, ನರ್ಸು, ಅಂದಳು. ಗೀಟು, ಕೊಡವೋದು. ನರ್ಸು ಬರ್ಕೊಂಡಳು.

ಅಮ್ಮ ನಿನ್ನ ಹೆರಿಗೆ ವಿಷಯ ಹೇಳ್ತಿದ್ದಳು, ನಿನಗೆ ತಪ್ಪು ಕಂಡಿದೆ, ಅಂದೆ. ಖಂಡಿತ? ಖಂಡಿತ. ಮೂರು ಸಲ ಕೇಳಿದಳು. ಮೂರನೇ ಸಲ ಅವಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಕಂಬಿ ಬಿಟ್ಟಳು. ಕಂಡಕ್ಟರೇ ಕೈಹಿಡಿದು ಇಳಿಸಿ ಆಟೋ ನಿಲ್ಲಿಸಿಕೊಟ್ಟ.

ನರ್ಸಿಂಗ್ ಹೋಮಿಗೆ ಬಂದಾಗ ಹನ್ನೆರಡೂವರೆ ದಾಟಿತ್ತು. ಡಾಕ್ಟರು ನನಗೆ ಚೆನ್ನಾಗಿ ಬೈದು ಇಂಜೆಕ್ಷನ್ ಶುರು ಮಾಡಿಸಿದರು. ನಾನು ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ, ನನಗೇ ಆಶ್ಚರ್ಯ. ಆಮೇಲೆ ನರ್ಸು ನನ್ನ ಸಹಿಗೆ ಅಂತ ಒಪ್ಪಿಗೆ ಪತ್ರ ಕೊಟ್ಟಳು. ಮೇಲೆ ಸಿಜೇರಿಯನ್ ಅಂತ ಅಚ್ಚಾಗಿತ್ತು. ಅದರ ಕೆಳಗೆ ಪೆನ್ನಲ್ಲಿ ಇನ್ನೊಂದು ಸಾಲು, ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಅದರ ಕೆಳಗೆ ತಂಗಿಯ ಸೊಟ್ಟ ಸೊಟ್ಟ ಹೆಸರು. ಯಾರು ಬೆರಳಿಟ್ಟು ತೋರಿಸಿದರೂ ಅವಳು ಆ ಕಡೆ ಸಹಿ ಮಾಡ್ತಾಳೆ, ರೇಷನ್ ಅಂಗಡೀಲಿ ಮಾಡಿದ ಹಾಗೆ.

"ಇದು ಯಾರು ಹೇಳಿದ್ದು?" ಅಂದೆ.

"ನಿಮ್ಮ ತಾಯೀನೇ ಹೇಳಿದ್ರಲ್ಲ ಮೇಡಂ. ಅದೂ ಒಟ್ಟಿಗೇ ಮಾಡ್ಬುಡಿ ಅಂದ್ರು. ಪೇಶೆಂಟ್ ಆಗ್ಲೇ ಸೈನ್ ಮಾಡಿದ್ರು, ನಾನು ಸೇರಿಸಿದೆ."

ತಂಗಿಯನ್ನ ಸಾಕಿ ಸಾಕಿ ನಮ್ಮಮ್ಮನಿಗೆ ಕೈ ಆಡಿಸದೆ ಮಾತು ಬರಲ್ಲ. ಕಿವಿ ಇರೋರ ಹತ್ತಿರವೂ ಅಷ್ಟೇ, ಫೋನಲ್ಲಿ ಮಾತಾಡುವಾಗಲೂ ಅಷ್ಟೇ. ನರ್ಸಿನ ಮೇಜಿನ ಮುಂದೆ ನಿಂತು ಗುಟ್ಟಾಗಿ ಹೇಳಿದ್ದನ್ನ ಅವಳ ಕೈ ಎಲ್ಲರಿಗೂ ಕಾಣೋ ಹಾಗೆ ಹೇಳಿತ್ತು. ಮಂಚದ ಮೇಲಿಂದ ತಂಗಿ ನೋಡಿದ್ದಳು. ಅವಳು ಸರಿಯಾಗೇ ಅರ್ಥ ಮಾಡ್ಕೊಂಡಿದ್ದಳು. ತಪ್ಪು ತಿಳಿದವಳು ನಾನು. ಅವಳ ತಲೆ ಮೇಲೆ ಕೈ ಇಟ್ಟು ಸುಳ್ಳು ಆಣೆ ಮಾಡಿ ಕರೆತಂದಿದ್ದೆ.

ಅಮ್ಮನನ್ನ ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ. "ಯಾರನ್ನ ಕೇಳಿ ಬರೆಸಿದೆ?"

"ಯಾರ್ನ ಕೇಳ್ಬೇಕು? ನಾನು ಹೆತ್ತೋಳು," ಅಂದಳು ಅಮ್ಮ. "ಒಂದು ಆಗ್ಲೇ ಅಂಗೈತೆ, ಇದು ಹೆಂಗೋ ಏನೋ. ಇನ್ನೊಂದು ಸಲ ಬಸ್ರಾಗಿ ಸತ್ತೋದ್ರೆ ಎರಡು ಮಕ್ಕಳ್ನ ಯಾರು ನೋಡ್ಕೋತಾರೆ, ನೀನು ನೋಡ್ಕೋತೀಯಾ? ಮೂವತ್ತು ವರ್ಸದಿಂದ ಅವಳ ಕಿವಿ ನಾನಾಗಿವ್ನಿ. ನನಗೂ ವಯಸ್ಸಾಯ್ತು ಕಣಮ್ಮ."

"ಅವಳಿಗೆ ಒಂದು ಮಾತು ಹೇಳಬಾರ್ದಿತ್ತಾ?"

"ನೀನು ಹೇಳ್ದಾ? ಮೊದ್ಲನೇ ಸಲ ಡಾಕ್ಟ್ರು ಏನೇನು ಹೇಳಿದ್ರೋ, ಎಲ್ಲಾನೂ ಹೇಳ್ದಾ ನೀನು?"

ಅಮ್ಮನಿಗೆ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ಆ ಹಾಳೆ ಹಿಡಿದು ಡಾಕ್ಟರ ರೂಮಿಗೆ ಹೋಗಿ, ಎರಡನೇ ಸಾಲಿಗೆ ನನ್ನ ತಂಗಿ ಒಪ್ಪಿಲ್ಲ, ಅವಳನ್ನ ಯಾರೂ ಕೇಳಿಯೇ ಇಲ್ಲ ಅಂದೆ. ಅವರು ನರ್ಸನ್ನ ಒಂದು ಸಲ ನೋಡಿ, ಗಡಿಯಾರ ನೋಡಿ ಎದ್ದರು. "ಹತ್ತು ನಿಮಿಷ ಇದೆ. ನಾನು ಹೇಳ್ತೀನಿ, ನೀವು ಒಂದು ಮಾತೂ ಬಿಡದೆ ಹೇಳಿ."

ಅಷ್ಟು ಹೊತ್ತಿಗೆ ತಂಗಿ ಗಂಡ, ಬೆಳಗ್ಗೆ ಅಮ್ಮ ಫೋನು ಮಾಡಿದ್ದಕ್ಕೆ, ಪಾವಗಡದಿಂದ ಬೈಕಲ್ಲಿ ಬಂದು ತಲುಪಿದ್ದ. ಕತ್ತಿಗೆ ಇನ್ನೂ ಟೇಪು ನೇತಾಡುತ್ತಿತ್ತು. "ಏಮಿ ಅಕ್ಕಾ, ಏನಾಯ್ತು?" ಅಂದವನು ಉತ್ತರಕ್ಕೂ ಕಾಯದೆ ಅವಳ ಪಕ್ಕ ಕೂತು ಬೆನ್ನಿಗೆ ಕೈ ಕೊಟ್ಟ.

ನಾನು ಅವಳ ಮುಖದ ಮುಂದೆ ಗೇಣು ದೂರದಲ್ಲಿ ಕೈ ಇಟ್ಟು ಶುರು ಮಾಡಿದೆ. ರಕ್ತ ಜೋರಾಗಿ ಓಡ್ತಿದೆ. ಮಿಂಚು ಅದರಿಂದಲೇ. ಮಗು ಈಗಲೇ ತೆಗೀಬೇಕು. ತೆಗೆಯದಿದ್ದರೆ ನೀನು ಸಾಯಬಹುದು, ತೆಗೆದರೂ ಭಯ ಪೂರ್ತಿ ಹೋಗಲ್ಲ. ಸಾಯೋದು ಅನ್ನೋ ಸನ್ನೆಯನ್ನೂ ಬಿಡದೆ ಮಾಡಿದೆ. ಆಮೇಲೆ ಗೀಟು, ಕೊಡವೋದು. ನೀನು ನೋಡಿದ್ದು ನಿಜ. ಬಸ್ಸಲ್ಲಿ ನಾನು ಹೇಳಿದ್ದು ಸುಳ್ಳು, ನನಗೆ ಗೊತ್ತಿರಲಿಲ್ಲ.

ಅವಳು ಕೇಳಿದ್ದು ಮೂರು ಮಾತು. ಮತ್ತೆ ಬಸುರಿಯಾದರೆ ಮತ್ತೆ ಹಿಂಗೇ ಆಗುತ್ತಾ? ಡಾಕ್ಟರು, ಆಗಬಹುದು, ಅದಕ್ಕೇ ಯೋಚನೆ ಮಾಡಬೇಕು ಅಂದರು. ಕೊಡವೋದನ್ನ ಆಮೇಲೆ ಮಾಡಿಸ್ಕೊಳ್ಳಬಹುದಾ? ಮಾಡಿಸ್ಕೊಳ್ಳಬಹುದು, ಬೇರೆ ದಾರಿಗಳೂ ಇವೆ ಅಂದರು. ಮೂರನೇದು ನನಗೆ. ಈ ಮಿಂಚು ಊತ ಎಲ್ಲ ಮೊದಲನೇ ಸಲ ನಿನಗೆ ಗೊತ್ತಿತ್ತಾ?

ಗೊತ್ತಿತ್ತು, ಅಂದೆ. ಡಾಕ್ಟರು ಹೇಳಿದ್ದರು. ನಾನು ಹೇಳಲಿಲ್ಲ.

ಅವಳು ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದರೆ ನಾವು ಎಷ್ಟು ಬಡಕೊಂಡರೂ ಅಷ್ಟೇ. ನಾನು ಅವಳ ಮೊಣಕಾಲು ಮುಟ್ಟಲು ಹೋದೆ, ಕೈ ತಳ್ಳಿದಳು. ಡಾಕ್ಟರು ಗಡಿಯಾರ ನೋಡಿದರು. ಕಣ್ಣು ತೆರೆದಾಗ ಅವಳು ಪೆನ್ನು ಕೇಳಿದಳು. ಹಾಳೆಯನ್ನ ಮೂಗಿನ ಹತ್ತಿರ ಹಿಡಿದು, ಯಾವ ಸಾಲು ಅಂತ ಗಂಡನ ಬೆರಳಿಂದ ತೋರಿಸಿಕೊಂಡು, ಅದರ ಮೇಲೆ ಗೀಟು ಎಳೆದಳು. ಇವತ್ತು ಬೇಡ. ಆಮೇಲೆ ನಾನು ಯೋಚನೆ ಮಾಡ್ತೀನಿ. ಅಮ್ಮ ಬಾಗಿಲ ಹತ್ತಿರ ಸೆರಗು ಬಾಯಿಗಿಟ್ಟು ನಿಂತಿದ್ದಳು, ಅವಳ ಕಡೆ ತಂಗಿ ತಿರುಗಲಿಲ್ಲ.

"ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಅಲ್ಲಾಡಬಾರದು. ಒಳಗೆ ನಾವೆಲ್ಲ ಮಾಸ್ಕ್ ಹಾಕಿರ್ತೀವಿ, ನಮ್ಮ ಬಾಯಿ ಅವಳಿಗೆ ಕಾಣಲ್ಲ," ಅಂದರು ಡಾಕ್ಟರು. "ಅವಳ ಭಾಷೆ ಬರೋರು ಒಬ್ಬರು ನನ್ನ ಜೊತೆ ಬನ್ನಿ."

ನಾನಲ್ಲದೆ ಇನ್ಯಾರು? ಬಳೆ, ವಾಚು ಬಿಚ್ಚಿ ಅಮ್ಮನ ಕೈಗೆ ಕೊಟ್ಟೆ. ತಂಗಿ ತಲೆ ಅಲ್ಲಾಡಿಸಿದಳು. ಗಂಡನ ಅಂಗಿ ಹಿಡಿದು ಎಳೆದಳು.

ಅವನಿಗೆ ನಮ್ಮ ಸನ್ನೆ ಅರ್ಧ ಬರುತ್ತೆ. ಒಂದು ಮಾತಿಗೆ ನಾಲ್ಕು ಸಲ ಕೇಳ್ತಾನೆ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಾನೆ. ನಾನು ಹಿಂದೆ ಎಷ್ಟೋ ಸಲ ಪೆದ್ದ ಅಂತ ನಕ್ಕಿದೀನಿ. "ಇವನಿಗೆ ಏನು ಬರುತ್ತೆ?" ಅಂತ ಅವಳನ್ನ ಕೇಳಿದೆ. ಅವಳು ನಿಧಾನವಾಗಿ ಹೇಳಿದಳು. ನೀನು ಬೇಗ ಹೇಳ್ತೀಯ. ಅವನು ಪೂರ್ತಿ ಹೇಳ್ತಾನೆ.

ಬಾಗಿಲು ಮುಚ್ಚಿತು. ಅಮ್ಮ ಬೆಂಚಿನ ಆ ತುದೀಲಿ, ನಾನು ಈ ತುದೀಲಿ ಕೂತೆವು. ನನ್ನ ಬಳೆ ಅಮ್ಮನ ಮಡಿಲಲ್ಲೇ ಇತ್ತು, ಕೇಳಿ ತಗೊಳ್ಳೋಕೆ ನನಗೆ ಮನಸ್ಸಾಗಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಮಗು ಅತ್ತದ್ದು ಕೇಳಿಸಿತು. ಅವಳ ಸುದ್ದಿ ಇಲ್ಲ. ಇನ್ನೂ ಅರ್ಧ ಗಂಟೆಗೆ ಅವನು ಹಸಿರು ಗೌನಲ್ಲಿ ಹೊರಗೆ ಬಂದ. "ಗಂಡುಮಗು ಅಕ್ಕಾ. ಸಣ್ಣದೈತೆ, ಚೆನ್ನಾಗೈತೆ. ಅವಳಿಗೆ ಎಚ್ಚರ ಐತೆ, ಬಿಪಿ ಇನ್ನಾ ಪೂರ್ತಿ ಇಳಿದಿಲ್ಲ, ಇವತ್ತು ನಾಳೆ ನೋಡ್ಬೇಕಂತೆ." ಒಂದೂ ಬಿಡದೆ ಹೇಳಿದ.

ಆಮೇಲೆ ನನ್ನ ಎದುರಿಗೆ ಬಂದು ಬಗ್ಗಿ ಮುಖ ನೋಡಿದ. "ಅಕ್ಕ ಹೊರಗೆ ಅಳ್ತಾವ್ಳಾ ಅಂತ ಕೇಳಿದ್ಲು. ಗೊತ್ತಿಲ್ಲ, ನೋಡ್ಕೊಂಡು ಬಂದು ಹೇಳ್ತೀನಿ ಅಂದೆ."

"ಇಲ್ಲ ಅಂತ ಹೇಳು," ಅಂದೆ.

"ಅಳ್ತಾ ಇದೀರಲ್ಲ ಅಕ್ಕಾ," ಅಂದು ಅವನು ಒಳಗೆ ಹೋದ.